ಕಟ್ಟಡವಿಲ್ಲದ ಸಂಸ್ಥೆ: ಕನ್ನಡ ವಿಕಿಪೀಡಿಯದ ಎರಡು ದಶಕ

ಕನ್ನಡ ವಿಕಿಪೀಡಿಯಕ್ಕೆ ಅಡಿಗಲ್ಲು ಇಲ್ಲ. ಉದ್ಘಾಟನೆಯ ಫಲಕವಿಲ್ಲ, ಅಧ್ಯಕ್ಷರ ಭಾವಚಿತ್ರಗಳ ಸಾಲಿಲ್ಲ, ವಾರ್ಷಿಕ ಸಭೆಯ ನಡವಳಿ ಪುಸ್ತಕವೂ ಇಲ್ಲ. 2003ರ ಜೂನ್ ತಿಂಗಳಲ್ಲಿ ಅದು ತೆರೆದುಕೊಂಡಾಗ ಪತ್ರಿಕೆಗಳಲ್ಲಿ ಸುದ್ದಿಯಾಗಲಿಲ್ಲ. ಹಾಗಿದ್ದೂ ಇಪ್ಪತ್ತು ವರ್ಷ ಅದು ಒಂದು ದಿನವೂ ಬಾಗಿಲು ಹಾಕದೆ ನಡೆದಿದೆ. ಸಂಬಳ ಪಡೆಯದ, ಒಬ್ಬರ ಮುಖ ಒಬ್ಬರು ನೋಡಿರದ ಕೆಲವೇ ಮಂದಿ ಅದನ್ನು ನಡೆಸಿದ್ದಾರೆ. ಎರಡು ಮೂರು ಸಲ ಅದು ನಿಂತೇ ಹೋಗುತ್ತದೇನೋ ಎಂಬ ಸ್ಥಿತಿಯೂ ಬಂದಿತ್ತು. ಆಗ ಅದನ್ನು ಉಳಿಸಿದವರ ಕೆಲಸ ಹೊರಗಿನವರ ಕಣ್ಣಿಗೆ ಬೀಳುವಂಥದ್ದಲ್ಲವಾದ್ದರಿಂದ ಈ ಲೇಖನದ ಹೆಚ್ಚಿನ ಜಾಗವನ್ನು ಅವರಿಗೇ ಕೊಟ್ಟಿದ್ದೇನೆ.

ಅಂಕೋಲಾ ತಾಲೂಕಿನ ಹಿಲ್ಲೂರಿನಂಥ ಊರಿನಿಂದ ನೋಡಿದರೆ ಇಂಥ ಸಂಸ್ಥೆಯ ಅಗತ್ಯ ಬೇಗ ತಿಳಿಯುತ್ತದೆ. ಗಂಗಾವಳಿ ಕಣಿವೆಯ ಹಳ್ಳಿಯೊಂದರಲ್ಲಿ ಹೈಸ್ಕೂಲು ಓದುವ ಹುಡುಗಿಗೆ ಜ್ವಾಲಾಮುಖಿಯ ಬಗ್ಗೆಯೋ 1930ರಲ್ಲಿ ತನ್ನದೇ ತಾಲೂಕಿನಲ್ಲಿ ನಡೆದ ಉಪ್ಪಿನ ಸತ್ಯಾಗ್ರಹದ ಬಗ್ಗೆಯೋ ನಾಲ್ಕು ಸಾಲು ಬೇಕಾದರೆ, ಪಠ್ಯಪುಸ್ತಕ ಬಿಟ್ಟು ಬೇರೆ ಆಕರ ಎಲ್ಲಿದೆ? ದೊಡ್ಡ ಗ್ರಂಥಾಲಯ ಬೇಕೆಂದರೆ ಅಂಕೋಲೆಗೋ ಕಾರವಾರಕ್ಕೋ ಬಸ್ಸು ಹತ್ತಬೇಕು. ಮಳೆಗಾಲದಲ್ಲಿ ಆ ಬಸ್ಸನ್ನೂ ನಂಬುವಂತಿಲ್ಲ. ಇಂಗ್ಲಿಷ್ ಚೆನ್ನಾಗಿ ಬರುವವರಿಗೆ ಅಂತರ್ಜಾಲದಲ್ಲಿ ಎಲ್ಲವೂ ಇದೆ. ಕನ್ನಡದಲ್ಲೇ ಯೋಚಿಸುವ ಮಗುವಿಗೆ ಏನಿದೆ ಎಂಬ ಪ್ರಶ್ನೆಗೆ ಉತ್ತರ ಕೊಡಲು ಹೊರಟವರ ಕಥೆ ಇದು.

2003ಕ್ಕೆ ಮೊದಲು

ವಿಶ್ವಕೋಶದ ಆಸೆ ಕನ್ನಡಕ್ಕೆ ಹೊಸದಲ್ಲ. ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಒಬ್ಬರೇ ಬರೆದರು. ಮುಂದೆ ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನೂ ಒಬ್ಬರೇ ಮುಗಿಸಿದರು. ನಿರಂಜನರು ‘ಜ್ಞಾನಗಂಗೋತ್ರಿ’ ಎಂಬ ಕಿರಿಯರ ವಿಶ್ವಕೋಶದ ಏಳು ಸಂಪುಟಗಳನ್ನು ಸಂಪಾದಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಹೊರಬಂತು. ಹದಿನಾಲ್ಕನೆಯದು ಬರಲು ಮತ್ತೆ ಮೂರು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ಕೊನೆಯ ಸಂಪುಟ ಅಚ್ಚಾಗುವ ಹೊತ್ತಿಗೆ ಮೊದಲ ಸಂಪುಟದ ಎಷ್ಟೋ ಸಂಗತಿಗಳು ಹಳತಾಗಿದ್ದವು. ಇದು ಯಾರ ಲೋಪವೂ ಅಲ್ಲ, ಅಚ್ಚಿನ ವಿಶ್ವಕೋಶದ ಹಣೆಬರಹವೇ ಅಷ್ಟು.

ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವ ಹೋರಾಟ ಬೇರೆಯಾಗಿಯೇ ನಡೆದಿತ್ತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವೇ ಮುಂದೆ ನಾಡಿನ ಬಹುಪಾಲು ಬೆರಳುಗಳಿಗೆ ಅಭ್ಯಾಸವಾಯಿತು. 1996ರಲ್ಲಿ ಯು.ಬಿ. ಪವನಜ ಅವರ ‘ವಿಶ್ವಕನ್ನಡ’ ಕನ್ನಡದ ಮೊದಲ ಅಂತರ್ಜಾಲ ತಾಣವಾಯಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದು ಮನೆಮನೆಯ ಕಂಪ್ಯೂಟರಿನಲ್ಲಿ ಕನ್ನಡ ಬೆರಳಚ್ಚು ಸಾಧ್ಯವಾಯಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರಕಾರಿ ಕಚೇರಿಗಳನ್ನು ತಲುಪಿತು. ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶದ ವಿಷಯವನ್ನು ಹಟ ಹಿಡಿದು ಸಾರ್ವಜನಿಕ ಚರ್ಚೆಗೆ ತಂದರು.

ಆದರೆ ಒಂದು ದೊಡ್ಡ ತೊಡಕು ಉಳಿದಿತ್ತು. ಆಗಿನ ಕನ್ನಡ ಪಠ್ಯವೆಲ್ಲ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದ ಆಸ್ಕಿ ಫಾಂಟುಗಳಲ್ಲಿತ್ತು. ಆ ಫಾಂಟು ನಿಮ್ಮಲ್ಲಿಲ್ಲದಿದ್ದರೆ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು. ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಾಗಿ ಜೋಡಿಸಲು ಬರುವುದಿಲ್ಲ. ಎಲ್ಲ ಭಾಷೆಗಳಿಗೂ ಒಂದೇ ಸಂಕೇತಪಟ್ಟಿ ಕೊಟ್ಟ ಯುನಿಕೋಡಿನಲ್ಲಿ 1991ರಿಂದಲೇ ಕನ್ನಡಕ್ಕೆ ಜಾಗವಿತ್ತು. ಸಾಮಾನ್ಯರ ಕಂಪ್ಯೂಟರಿನಲ್ಲಿ ಅದು ಕೆಲಸ ಮಾಡಲು ಮಾತ್ರ 2001ರ ವಿಂಡೋಸ್ ಎಕ್ಸ್‌ಪಿ ಮತ್ತು ಅದರೊಂದಿಗೆ ಬಂದ ‘ತುಂಗಾ’ ಫಾಂಟಿಗಾಗಿ ಕಾಯಬೇಕಾಯಿತು. ಆಗಲೂ ಸಿ.ಡಿ. ಹಾಕಿ ಸಂಕೀರ್ಣ ಲಿಪಿಗಳ ಬೆಂಬಲವನ್ನು ಕೈಯಾರೆ ಸೇರಿಸಿಕೊಳ್ಳಬೇಕಿತ್ತು. ಇದನ್ನು ಮಾಡಲು ಗೊತ್ತಿದ್ದವರು ಬೆರಳೆಣಿಕೆಯ ಮಂದಿ.

2003–2008: ಮೊದಲ ಕೈಗಳು

ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ 2001ರ ಜನವರಿ 15ರಂದು ಇಂಗ್ಲಿಷಿನಲ್ಲಿ ಆರಂಭಿಸಿದ ವಿಕಿಪೀಡಿಯದ ನಿಯಮ ಸರಳವಾಗಿತ್ತು. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು, ಬರೆದದ್ದು ಎಲ್ಲರ ಸ್ವತ್ತು. ಕನ್ನಡದ ಆವೃತ್ತಿ ಎರಡೂವರೆ ವರ್ಷಗಳ ನಂತರ ಹುಟ್ಟಿತು. ಹುಟ್ಟಿದ ಮೇಲೂ ಬಹುಕಾಲ ಅದು ಖಾಲಿ ಮನೆಯಂತಿತ್ತು.

ಮೊದಲ ಕೆಲಸ ಲೇಖನ ಬರೆಯುವುದೂ ಆಗಿರಲಿಲ್ಲ. ‘ಎಡಿಟ್’ ಎಂಬ ಗುಂಡಿಗೆ ಕನ್ನಡದಲ್ಲಿ ಏನನ್ನಬೇಕು, ‘ಡಿಸ್ಕಷನ್’ ಪುಟಕ್ಕೆ ಏನು ಹೆಸರು ಎಂಬುದರಿಂದಲೇ ಶುರು ಮಾಡಬೇಕಿತ್ತು. ಸಾವಿರಾರು ಸಂದೇಶಗಳನ್ನು ಒಂದೊಂದಾಗಿ ಕನ್ನಡಕ್ಕೆ ತರಲಾಯಿತು. ‘ಸಂಪಾದಿಸಿ’, ‘ಚರ್ಚೆ’, ‘ಇತ್ತೀಚೆಗಿನ ಬದಲಾವಣೆಗಳು’ ಬಂದವು. ಅರೆಬರೆ ಲೇಖನಕ್ಕೆ ‘ಚುಟುಕು’ ಎಂಬ ಗುರುತು ಬಿತ್ತು. ಎಲ್ಲರೂ ಕೂಡಿ ಮಾತಾಡುವ ಪುಟಕ್ಕೆ ‘ಅರಳಿ ಕಟ್ಟೆ’ ಎಂದು ಹೆಸರಾಯಿತು. ಇಪ್ಪತ್ತು ವರ್ಷದ ಪ್ರಮುಖ ತೀರ್ಮಾನಗಳೆಲ್ಲ ಚರ್ಚೆಗೆ ಬಂದದ್ದು ಆ ಕಟ್ಟೆಯಲ್ಲೇ. ಆ ದಾಖಲೆಗಳನ್ನು ಇಂದಿಗೂ ಯಾರು ಬೇಕಾದರೂ ಓದಬಹುದು. ಇಷ್ಟು ತೆರೆದ ನಡವಳಿ ಇಟ್ಟುಕೊಂಡ ಸಂಸ್ಥೆಗಳು ನಮ್ಮಲ್ಲಿ ಅಪರೂಪ.

ಈ ಘಟ್ಟದಲ್ಲಿ ಹರಿಪ್ರಸಾದ್ ನಾಡಿಗ್ ಅವರ ಹೆಸರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ನಿರ್ವಾಹಕರಾಗಿ ಆ ಖಾಲಿ ಮನೆಗೆ ಒಂದು ರೂಪ ಕೊಟ್ಟವರಲ್ಲಿ ಅವರು ಮುಖ್ಯರು. 2005ರಲ್ಲಿ ಅವರು ಆರಂಭಿಸಿದ ‘ಸಂಪದ’ ಕನ್ನಡದಲ್ಲಿ ಬರೆಯುವ ಹುರುಪಿನ ಎಷ್ಟೋ ತರುಣರನ್ನು ಒಂದೆಡೆ ಸೇರಿಸಿತು. ಆಗ ದುಡಿದವರಲ್ಲಿ ಸಾಫ್ಟ್‌ವೇರ್ ಉದ್ಯೋಗಿಗಳು ಹೆಚ್ಚು. ಕೆಲವರು ಕೆಲಸದ ಮೇಲೆ ಹೊರದೇಶಗಳಿಗೆ ಹೋಗಿ ಅಲ್ಲಿಂದ ಬರೆಯುತ್ತಿದ್ದರು. ಊರಿನಿಂದ ದೂರವಿದ್ದವರಿಗೆ ತಮ್ಮೂರಿನ ಜಾತ್ರೆಯ ಬಗ್ಗೆ ಒಂದು ಪುಟ ಬರೆಯುವುದು ಊರಿನ ಋಣ ತೀರಿಸುವ ದಾರಿಯಾಗಿತ್ತು.

ಸಣ್ಣಪುಟ್ಟ ವಾಗ್ವಾದಗಳೂ ನಡೆದವು. ಹೆಸರುಗಳನ್ನು ಕನ್ನಡದಲ್ಲಿ ಹೇಗೆ ಬರೆಯಬೇಕು, ವಿಜ್ಞಾನದ ಪದಗಳಿಗೆ ಸಂಸ್ಕೃತವೋ ಅಚ್ಚಗನ್ನಡವೋ ಇಂಗ್ಲಿಷೇ ಸಾಕೋ ಎಂದು ಕಟ್ಟೆಯ ಮೇಲೆ ಬಿಸಿಬಿಸಿ ಮಾತಾಗುತ್ತಿತ್ತು. ಬಹಳಷ್ಟು ಸಲ ಯಾರೂ ಗೆಲ್ಲುತ್ತಿರಲಿಲ್ಲ. ಎರಡೂ ರೂಪಗಳಿಂದ ಲೇಖನ ಸಿಗುವಂತೆ ಮಾಡಿ ಮುಂದಕ್ಕೆ ಸಾಗುತ್ತಿದ್ದರು.

2009–2011: ನೆರೆ

ಇಪ್ಪತ್ತು ವರ್ಷದಲ್ಲಿ ವಿಕಿಪೀಡಿಯ ಅತ್ಯಂತ ಇಕ್ಕಟ್ಟಿಗೆ ಸಿಲುಕಿದ್ದು ಬರಹವಿಲ್ಲದೆ ಬಡವಾಗಿದ್ದಾಗಲ್ಲ. ಇದ್ದಕ್ಕಿದ್ದಂತೆ ಬರಹ ಹೆಚ್ಚಾದಾಗ.

2009ರಲ್ಲಿ ಗೂಗಲ್ ಅನುವಾದಕರಿಗಾಗಿ ಒಂದು ಸಲಕರಣೆ ಬಿಡುಗಡೆ ಮಾಡಿತು. ಅದನ್ನು ಬಳಸಿ, ಹಣ ಕೊಟ್ಟು ನೇಮಿಸಿದ ಅನುವಾದಕರಿಂದ ಇಂಗ್ಲಿಷ್ ಲೇಖನಗಳನ್ನು ಹಲವು ಭಾರತೀಯ ಭಾಷೆಗಳಿಗೆ ತರಿಸಿತು. ಆಶಯ ಒಳ್ಳೆಯದೇ. ಭಾಷೆಗಳಿಗೆ ಬರಹ ಸಿಗಲಿ, ಯಂತ್ರಾನುವಾದವೂ ಸುಧಾರಿಸಲಿ ಎಂಬುದು ಲೆಕ್ಕ. ಆದರೆ ಈ ಕೆಲಸ ಆರಂಭವಾದಾಗ ಆಯಾ ಭಾಷೆಯ ವಿಕಿಪೀಡಿಯ ಸಮುದಾಯಗಳ ಜೊತೆ ಮಾತುಕತೆ ಆಗಿರಲಿಲ್ಲ. ಕನ್ನಡದಲ್ಲಿ ರಾತ್ರಿ ಬೆಳಗಾಗುವುದರೊಳಗೆ ಉದ್ದುದ್ದದ ಲೇಖನಗಳು ಬಂದು ಬಿದ್ದವು. ವಾಕ್ಯದ ಬೆನ್ನೆಲುಬು ಇಂಗ್ಲಿಷಿನದು, ಮೇಲಿನ ಬಟ್ಟೆ ಮಾತ್ರ ಕನ್ನಡದ್ದು. ವಿಷಯಗಳೂ ಬಹುಮಟ್ಟಿಗೆ ಇಂಗ್ಲಿಷ್ ಓದುಗರು ಹೆಚ್ಚು ಹುಡುಕುವಂಥವು. ಟೆಂಪ್ಲೇಟುಗಳು ಮುರಿದಿದ್ದವು, ಇಲ್ಲದ ಪುಟಗಳಿಗೆ ಕೊಂಡಿಗಳಿದ್ದವು.

ಬಂಗಾಳಿ ಸಮುದಾಯ ಅಂಥ ಲೇಖನಗಳನ್ನು ಒಪ್ಪಲಿಲ್ಲ. ತಮಿಳಿನ ಸಮುದಾಯ ಗೂಗಲ್ ಜೊತೆ ಮಾತಿಗೆ ಕೂತು, ವಿಷಯದ ಆಯ್ಕೆ ಮತ್ತು ಗುಣಮಟ್ಟದ ಬಗ್ಗೆ ತನ್ನ ಷರತ್ತುಗಳನ್ನು ಮುಂದಿಟ್ಟಿತು. 2010ರ ಜುಲೈನಲ್ಲಿ ಪೋಲೆಂಡಿನ ಗ್ದಾನ್ಸ್ಕ್ ನಗರದಲ್ಲಿ ನಡೆದ, ವಿಕಿಪೀಡಿಯ ಬಳಗಗಳ ಜಾಗತಿಕ ಸಮಾವೇಶವಾದ ವಿಕಿಮೇನಿಯಾದಲ್ಲಿ ಈ ಯೋಜನೆ ಚರ್ಚೆಗೆ ಬಂತು. ಕನ್ನಡದಲ್ಲಿ ಆಗ ನಿತ್ಯ ಕೆಲಸ ಮಾಡುವವರೇ ಕೆಲವರು. ತಡೆಯುವುದಕ್ಕೂ ಚೌಕಾಸಿಗೂ ಜನ ಸಾಲದು.

ಅನುವಾದಕರು ತಮ್ಮ ಕೆಲಸ ಮುಗಿಸಿ ಹೋದರು. ಮುಂದಿನದು ಉಳಿದವರ ಪಾಲಿಗೆ ಬಂತು. ಆ ಲೇಖನಗಳನ್ನು ಅಳಿಸಿಹಾಕಿ ಎಂದವರಿದ್ದರು. ತಿದ್ದಿ ಉಳಿಸೋಣ, ಒಳಗಿನ ಮಾಹಿತಿಯಾದರೂ ಯಾರಿಗಾದರೂ ಉಪಯೋಗವಾದೀತು ಎಂದವರೂ ಇದ್ದರು. ಎರಡೂ ಕಡೆಯ ಮಾತಿನಲ್ಲಿ ನ್ಯಾಯವಿತ್ತು, ಎರಡೂ ಕಡೆಯವರಿಗೆ ಕನ್ನಡದ ಮಾನದ್ದೇ ಚಿಂತೆ. ಕೊನೆಗೆ ನಡೆದದ್ದು ನಡುವಿನ ದಾರಿ. ಗುರುತು ಹಾಕುವುದು, ಓದಲಾಗದ್ದನ್ನು ಮೊಟಕುಗೊಳಿಸುವುದು, ಅಗತ್ಯವಿದ್ದುದನ್ನು ಹೊಸದಾಗಿ ಬರೆಯುವುದು. ಇದು ವರ್ಷಗಟ್ಟಲೆ ಹಿಡಿಯಿತು, ಇನ್ನೂ ಮುಗಿದಿಲ್ಲ. ನೆರೆ ಇಳಿದ ಮೇಲೆ ಮನೆಯ ಕೆಸರು ತೆಗೆಯುವುದು ಎಷ್ಟು ಕಷ್ಟ ಎಂದು ಗಂಗಾವಳಿಯ ದಂಡೆಯವರಿಗೆ ಯಾರೂ ವಿವರಿಸಬೇಕಿಲ್ಲ.

ಹೊಸ ಲೇಖನ ಬರೆದವರ ಹೆಸರು ಎಲ್ಲಾದರೂ ಬರುತ್ತದೆ. ಬೇರೆಯವರ ಕೆಟ್ಟ ವಾಕ್ಯವನ್ನು ನೇರ ಮಾಡಿದವರ ಹೆಸರು ‘ಇತಿಹಾಸ’ ಎಂಬ ಗುಂಡಿಯ ಹಿಂದೆ ಒಂದು ಸಾಲಾಗಿ ಉಳಿಯುತ್ತದೆ, ಅಷ್ಟೇ. ಸಂಜೆ ಕೆಲಸ ಮುಗಿಸಿ ಬಂದು ‘ಇತ್ತೀಚೆಗಿನ ಬದಲಾವಣೆಗಳು’ ತೆರೆದು, ಯಾರೋ ಕಿಡಿಗೇಡಿ ಕುವೆಂಪು ಪುಟದಲ್ಲಿ ಗೀಚಿದ್ದನ್ನು ತೆಗೆದು, ಯಾರೋ ಹೊಸಬ ತಪ್ಪು ಜಾಗದಲ್ಲಿ ಬರೆದದ್ದನ್ನು ಸರಿಯಾದ ಜಾಗಕ್ಕೆ ಸಾಗಿಸಿ, ಅವನಿಗೆ ಎರಡು ಮಾತು ಸಮಾಧಾನವಾಗಿ ಬರೆದು ಮಲಗುವವರು ಇಲ್ಲದಿದ್ದರೆ ಕನ್ನಡ ವಿಕಿಪೀಡಿಯ ಈ ಹೊತ್ತಿಗೆ ಹಾಳುಬಿದ್ದ ತಾಣವಾಗಿರುತ್ತಿತ್ತು. ಈ ಮಾತನ್ನು ನಾನು ಔಪಚಾರಿಕತೆಗಾಗಿ ಬರೆಯುತ್ತಿಲ್ಲ. ಹೊರದೇಶಗಳ ಅನುಭವವೂ ಇದನ್ನೇ ಹೇಳುತ್ತದೆ.

ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 1986ರಲ್ಲಿ ಟಾಮ್ ಗ್ರಂಡ್ನರ್ ಅವರು ಊರವರೆಲ್ಲ ಉಚಿತವಾಗಿ ಬಳಸಬಹುದಾದ ಫ್ರೀನೆಟ್ ಎಂಬ ಸಮುದಾಯ ಗಣಕಜಾಲವನ್ನು ಆರಂಭಿಸಿದರು. ಟೆಲಿಫೋನ್ ತಂತಿಯ ಮೂಲಕ ಅದರೊಳಗೆ ಹೋದ ಜನ ವೈದ್ಯರನ್ನು ಪ್ರಶ್ನೆ ಕೇಳುತ್ತಿದ್ದರು, ಊರಿನ ಸುದ್ದಿ ಓದುತ್ತಿದ್ದರು. ಅದನ್ನು ನೋಡಿ ಎಷ್ಟೋ ಊರುಗಳು ತಮ್ಮದೂ ಒಂದನ್ನು ಕಟ್ಟಿಕೊಂಡವು. ಅಗ್ಗದ ಖಾಸಗಿ ಇಂಟರ್‌ನೆಟ್ ಬಂದ ಮೇಲೆ ಒಂದೊಂದಾಗಿ ಸೊರಗಿದವು. 1999ರಲ್ಲಿ ಕ್ಲೀವ್‌ಲ್ಯಾಂಡಿನದೇ ಮುಚ್ಚಿತು. ಕೆನಡಾದ ಒಟ್ಟಾವಾದಲ್ಲಿ 1993ರಲ್ಲಿ ತೆರೆದದ್ದು ಮಾತ್ರ ಸ್ವಯಂಸೇವಕರ ದುಡಿಮೆಯಿಂದ, ಕಾಲಕ್ಕೆ ತಕ್ಕಂತೆ ಕೆಲಸ ಬದಲಿಸಿಕೊಂಡು ಉಳಿಯಿತು. ತಂತ್ರಜ್ಞಾನ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಆಗಿತ್ತು.

2011–2016: ಕೈ ಸೇರಿದವರು

2011ರ ಜನವರಿಯಲ್ಲಿ, ವಿಕಿಪೀಡಿಯಕ್ಕೆ ನೆಲೆ ಒದಗಿಸುವ ವಿಕಿಮೀಡಿಯ ಸಂಸ್ಥೆಯ ಭಾರತ ಘಟಕ ಬೆಂಗಳೂರಿನಲ್ಲಿ ನೋಂದಣಿಯಾಯಿತು. ಅದೇ ವರ್ಷ ನವೆಂಬರಿನಲ್ಲಿ ಮುಂಬಯಿಯಲ್ಲಿ ದೇಶದ ಮೊದಲ ವಿಕಿ ಸಮ್ಮೇಳನ ನಡೆಯಿತು. 2012ರಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿ ಭಾರತೀಯ ಭಾಷೆಗಳ ವಿಕಿಪೀಡಿಯಗಳಿಗೆ ಬೆಂಬಲ ನೀಡುವ ಕಾರ್ಯಕ್ರಮ ಕೈಗೆತ್ತಿಕೊಂಡಿತು. ಕಾಲೇಜುಗಳಲ್ಲಿ ಕಾರ್ಯಾಗಾರಗಳು, ಒಂದು ದಿನ ಕೂತು ಒಟ್ಟಾಗಿ ಬರೆಯುವ ಸಂಪಾದನೋತ್ಸವಗಳು ಶುರುವಾದವು. ಸಂಬಳದ ಸಿಬ್ಬಂದಿ ಮತ್ತು ಸ್ವಯಂಸೇವಕರ ನಡುವೆ ಆಗಾಗ ಧೋರಣೆಯ ವ್ಯತ್ಯಾಸಗಳು ಕಂಡದ್ದುಂಟು. ಎಣಿಕೆಗೆ ಸಿಗುವ ಕೆಲಸ ಮುಖ್ಯವೋ ನಿಧಾನವಾಗಿ ಬೆಳೆಯುವ ಬರಹಗಾರ ಮುಖ್ಯವೋ ಎಂಬುದು ಅದರ ತಿರುಳು. ಆದರೂ ಆ ವರ್ಷಗಳ ಆಸರೆ ಇಲ್ಲದಿದ್ದರೆ ಬೆಂಗಳೂರಿನ ಹೊರಗೆ ಕೆಲಸ ಹಬ್ಬುವುದು ಕಷ್ಟವಿತ್ತು.

ತಾಂತ್ರಿಕವಾಗಿಯೂ ದಾರಿ ಸಲೀಸಾಯಿತು. ‘ನಾರಾಯಂ’ ಎಂಬ ಸಲಕರಣೆ ಬಂದು, ಕಂಪ್ಯೂಟರಿನಲ್ಲಿ ಏನನ್ನೂ ಅಳವಡಿಸದೆ ನೇರವಾಗಿ ಪುಟದಲ್ಲೇ ಕನ್ನಡ ಟೈಪಿಸುವುದು ಸಾಧ್ಯವಾಯಿತು. ಸೈಬರ್ ಕೆಫೆಯಲ್ಲಿ ಗಂಟೆಗೆ ದುಡ್ಡು ಕೊಟ್ಟು ಕೂರುವ ವಿದ್ಯಾರ್ಥಿಗೆ ಇದು ಎಷ್ಟು ದೊಡ್ಡ ಅನುಕೂಲ ಎಂದು ಅಂದಿನವರು ಬಲ್ಲರು. ‘ಗುಬ್ಬಿ’, ‘ನವಿಲು’ಗಳಂಥ ಮುಕ್ತ ಫಾಂಟುಗಳು ಬಂದವು.

2014 ಒಂದು ಮೈಲಿಗಲ್ಲು. ಆ ವರ್ಷ ನಿರಂಜನರ 55 ಕೃತಿಗಳನ್ನು ಅವರ ಕುಟುಂಬ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟಿತು. ‘ಜ್ಞಾನಗಂಗೋತ್ರಿ’ಯ ಸಂಪಾದಕರ ಬರಹ ಹೀಗೆ ಮುಕ್ತ ಜ್ಞಾನದ ಭಂಡಾರಕ್ಕೆ ಬಂದು ಸೇರಿದ್ದು ಬಹಳ ಉಚಿತವಾಗಿತ್ತು. ಮೈಸೂರು ವಿಶ್ವವಿದ್ಯಾನಿಲಯ ಕೂಡ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಅದೇ ಬಗೆಯಲ್ಲಿ ತೆರೆಯಿತು. ತಜ್ಞರು ದಶಕಗಳ ಕಾಲ ಬರೆದ ಲೇಖನಗಳನ್ನು ಸ್ವಯಂಸೇವಕರು ಪರಿಷ್ಕರಿಸಿ ಬಳಸಿಕೊಳ್ಳುವುದು ಇದರಿಂದ ಸಾಧ್ಯವಾಯಿತು. ವಚನಗಳನ್ನು ಹುಡುಕಿ ಓದಲು ಅನುವು ಮಾಡಿಕೊಟ್ಟ ‘ವಚನ ಸಂಚಯ’ ಕೂಡ ಇದೇ ಬಳಗದ ತರುಣರ ದುಡಿಮೆ. ಓ.ಎಲ್. ನಾಗಭೂಷಣಸ್ವಾಮಿ ಮತ್ತು ವಸುಧೇಂದ್ರರಂಥ ಹಿರಿಯರು ಅದಕ್ಕೆ ಜೊತೆಯಾದರು.

ಕರಾವಳಿ ಈ ಘಟ್ಟದಲ್ಲಿ ಮುಂದೆ ಬಂತು. ಮೂಡುಬಿದಿರೆಯ ಆಳ್ವಾಸ್, ಉಜಿರೆಯ ಎಸ್‌ಡಿಎಂ ಕಾಲೇಜುಗಳ ವಿದ್ಯಾರ್ಥಿಗಳು ಬರೆಯತೊಡಗಿದರು. 2016ರ ಫೆಬ್ರವರಿಯಲ್ಲಿ ಹದಿಮೂರನೆಯ ವರ್ಷಾಚರಣೆ ಮಂಗಳೂರಿನಲ್ಲಿ ನಡೆಯಿತು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಟ್ಟಿಗೆ ಅದಕ್ಕಿಂತ ಹತ್ತಿರದ ಸುದ್ದಿ, 2015ರ ಜುಲೈನಲ್ಲಿ ಕೊಂಕಣಿ ವಿಕಿಪೀಡಿಯ ಸ್ವತಂತ್ರವಾಗಿ ತೆರೆದದ್ದು. ದೇವನಾಗರಿ, ಕನ್ನಡ, ರೋಮಿ ಮೂರು ಲಿಪಿಗಳಿಗೂ ಅಲ್ಲಿ ಜಾಗವಿದೆ. ಕಾರವಾರ, ಅಂಕೋಲೆಯ ಪೇಟೆಯಲ್ಲಿ ಒಂದೇ ಅಂಗಡಿಯೆದುರು ಎರಡು ಮೂರು ಭಾಷೆ ಕೇಳುವ ನಮಗೆ ಆ ಏರ್ಪಾಡು ಸಹಜವೆನಿಸುತ್ತದೆ. ಮರುವರ್ಷ ಆಗಸ್ಟಿನಲ್ಲಿ ತುಳು ವಿಕಿಪೀಡಿಯವೂ ತೆರೆಯಿತು. ವರ್ಷಗಟ್ಟಲೆ ಪ್ರಯೋಗದ ಹಂತದಲ್ಲಿ ಉಳಿದಿದ್ದ ಅದನ್ನು ದಡ ಸೇರಿಸಿದವರಲ್ಲಿ ಕನ್ನಡ ವಿಕಿಪೀಡಿಯದಲ್ಲಿ ಪಳಗಿದವರೂ ಇದ್ದರು.

ಕಟ್ಟಡದ ವಿಷಯ

ಉತ್ತರ ಕನ್ನಡದಲ್ಲಿ ವಿದ್ಯಾಸಂಸ್ಥೆಯ ಇತಿಹಾಸವೆಂದರೆ ಕಟ್ಟಡಗಳ ಇತಿಹಾಸ. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಹಳ್ಳಿಗೆ ಹೈಸ್ಕೂಲು ತಂದದ್ದು ಕಲ್ಲು, ಹೆಂಚು, ಗೋಡೆಗಳಲ್ಲಿ ಕಾಣುತ್ತದೆ. ವಿಕಿಪೀಡಿಯಕ್ಕೆ ಅಂಥ ಗೋಡೆ ಇಲ್ಲ. ಅದರ ಯಂತ್ರಗಳು ಮೊದಲು ಅಮೆರಿಕದ ಫ್ಲಾರಿಡಾದ ಟ್ಯಾಂಪಾದಲ್ಲಿದ್ದವು. 2013ರಲ್ಲಿ ವರ್ಜೀನಿಯಾದ ಆಶ್‌ಬರ್ನ್‌ಗೆ ಹೋದವು. 2018ರಲ್ಲಿ ಸಿಂಗಪುರದಲ್ಲಿ ಒಂದು ಕೇಂದ್ರ ತೆರೆದ ಮೇಲೆ ನಮ್ಮ ಕಡೆಗೆ ಪುಟಗಳು ಬೇಗ ಬರತೊಡಗಿದವು. ಬೆಂಗಳೂರಿನ ದೊಮ್ಮಲೂರಿನ ಕಚೇರಿಯೊಂದರ ಸಭಾಕೋಣೆ, ಕಾಲೇಜುಗಳ ಕಂಪ್ಯೂಟರ್ ಲ್ಯಾಬುಗಳು, ಯಾರದೋ ಮನೆಯ ಜಗಲಿ ಇವೇ ಸಮುದಾಯದ ಸಭಾಂಗಣಗಳು. ಅಡಿಗಲ್ಲಿಗಾಗಿ ಚಂದಾ ಎತ್ತಬೇಕಾಗಲಿಲ್ಲ ನಿಜ. ಆದರೆ ಕಟ್ಟಡ ಕಣ್ಣೆದುರಿಗಿದ್ದರೆ ಊರಿನವರು ಹೆಂಚು ಒಡೆದಾಗ ಬಂದು ನೋಡುತ್ತಾರೆ. ಇಲ್ಲಿ ಹೆಂಚು ಒಡೆದದ್ದು ಒಳಗಿದ್ದವರಿಗಷ್ಟೇ ಗೊತ್ತಾಗುತ್ತದೆ.

2016ರಿಂದ ಈಚೆಗೆ

2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. ಓದುಗರು ಮೊಬೈಲಿಗೆ ಬಂದರು. ಬರೆಯುವವರು ಅದೇ ಪ್ರಮಾಣದಲ್ಲಿ ಬರಲಿಲ್ಲ, ಏಕೆಂದರೆ ಅಂಗೈ ಅಗಲದ ಪರದೆಯಲ್ಲಿ ಉಲ್ಲೇಖ ಸೇರಿಸಿ ಲೇಖನ ಕಟ್ಟುವುದು ಸುಲಭವಲ್ಲ. 2018ರಲ್ಲಿ ‘ಪ್ರಾಜೆಕ್ಟ್ ಟೈಗರ್’ ಎಂಬ ಲೇಖನ ಸ್ಪರ್ಧೆಯಲ್ಲಿ ಕನ್ನಡವೂ ಭಾಗವಹಿಸಿತು. ಗೂಗಲ್ ಈ ಸಲ ವಿಕಿಮೀಡಿಯ ಸಮುದಾಯಗಳ ಜೊತೆಗೂಡಿ ಕೆಲಸ ಮಾಡಿತು, ಹಿಂದಿನ ಅನುಭವದಿಂದ ಎರಡೂ ಕಡೆ ಕಲಿತದ್ದಿತ್ತು. 2019ರಲ್ಲಿ ಭಾರತ ಘಟಕದ ಮಾನ್ಯತೆ ಕೊನೆಗೊಂಡಿತು. ಕನ್ನಡದ ನಿತ್ಯದ ಕೆಲಸ ಎಂದಿನಂತೆ ಸ್ವಯಂಸೇವಕರ ಕೈಯಲ್ಲೇ ಮುಂದುವರಿಯಿತು.

ಇಪ್ಪತ್ತು ತುಂಬುವ ಹೊತ್ತಿಗೆ ಲೇಖನಗಳ ಸಂಖ್ಯೆ ಸುಮಾರು 30,000. ತಮಿಳಿನಲ್ಲಿ ಒಂದೂವರೆ ಲಕ್ಷದ ಮೇಲಿದೆ. 2011ರ ಜನಗಣತಿಯಂತೆ ಕನ್ನಡವನ್ನು ತಾಯ್ನುಡಿ ಎಂದವರು 4.37 ಕೋಟಿ. ಈ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನಾಚುವುದು ಸುಲಭ, ಹಲವರು ಹಾಗೆ ಮಾಡುತ್ತಾರೆ. ನನಗೆ ಹೆಚ್ಚು ಕಾಡುವುದು ಬೇರೆ ಸಂಗತಿ. ಮೂವತ್ತು ಸಾವಿರ ಲೇಖನಗಳನ್ನು ಕಾಯುವ, ತಪ್ಪು ಕಂಡರೆ ಅಂದೇ ತಿದ್ದುವ ಕೈಗಳು ಹಿಂದಿನಷ್ಟೇ ಕಡಿಮೆ ಇವೆ. ಮೊದಲ ದಶಕದ ಹಲವರು ಸಂಸಾರ, ಉದ್ಯೋಗಗಳ ನಡುವೆ ಹಿಂದೆ ಸರಿದಿದ್ದಾರೆ. ಕಾಲೇಜಿನ ಮಕ್ಕಳು ಪದವಿಯ ಜೊತೆಗೆ ವಿಕಿಪೀಡಿಯವನ್ನೂ ಮುಗಿಸಿಬಿಡುತ್ತಾರೆ. ಯಂತ್ರಾನುವಾದ ಈಗ ಬಹಳ ಸುಧಾರಿಸಿದೆ. ಹಾಗಾಗಿಯೇ ಮತ್ತೊಂದು ನೆರೆ ಬಂದರೆ ಮೇಲ್ನೋಟಕ್ಕೆ ಗುರುತು ಸಿಗಲಾರದು.

ನಮ್ಮ ಸೀಮೆಗೆ ಸಂಬಂಧಿಸಿದ ಕೆಲಸವೂ ಸಾಕಷ್ಟಿದೆ. ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ನಾಡಿಗೆ ಕೇಳಿಸಿದ ಸುಕ್ರಿ ಬೊಮ್ಮಗೌಡರು, ಗಿಡ ನೆಟ್ಟು ಕಾಡು ಬೆಳೆಸಿದ ಹೊನ್ನಳ್ಳಿಯ ತುಳಸಿ ಗೌಡರು ಪದ್ಮಶ್ರೀ ಪಡೆದಾಗ ನಾಡೆಲ್ಲ ಅವರ ಬಗ್ಗೆ ಹುಡುಕಿ ಓದಿತು. ಆದರೆ ಹಾಡಿನ ಬಗೆಗಳು, ಸುಗ್ಗಿ ಕುಣಿತದ ತುರಾಯಿ, ಗಜನಿ ಗದ್ದೆಯ ಕಗ್ಗ ಭತ್ತ, ಕರನಿರಾಕರಣೆಯಲ್ಲಿ ಜಮೀನು ಕಳೆದುಕೊಂಡ ಮನೆತನಗಳು ಇವೆಲ್ಲ ಆಧಾರ ಸಹಿತ ಪುಟಗಳಾಗಬೇಕು. ಇವನ್ನು ಬೆಂಗಳೂರಿನಲ್ಲಿ ಕೂತವರು ಬರೆಯಲಾರರು. ಅಂಕೋಲೆಯ ಹಳೆಯ ಪುಸ್ತಕ, ಪತ್ರಿಕೆಗಳ ಸಂಗ್ರಹ ಯಾರ ಮನೆಯ ಅಟ್ಟದ ಮೇಲಿದೆ ಎಂಬುದು ಊರಿನವರಿಗೇ ಗೊತ್ತು.

ಮೊಬೈಲ್ ಸಿಗ್ನಲ್ಲು ಗುಡ್ಡ ಹತ್ತಿದರೆ ಮಾತ್ರ ಸಿಗುವ ಕಡೆಗೆ ಒಂದು ಅನುಕೂಲ ಈಗಾಗಲೇ ಇದೆ. ‘ಕಿವಿಕ್ಸ್’ ಎಂಬ ಉಚಿತ ತಂತ್ರಾಂಶದಿಂದ ಇಡೀ ಕನ್ನಡ ವಿಕಿಪೀಡಿಯವನ್ನು ಒಂದು ಕಡತವಾಗಿ ಇಳಿಸಿ, ಪೆನ್‌ಡ್ರೈವಿನಲ್ಲಿ ಒಯ್ದು, ಇಂಟರ್‌ನೆಟ್ ಇಲ್ಲದ ಕಂಪ್ಯೂಟರಿನಲ್ಲೂ ತೆರೆಯಬಹುದು. ಹಿಲ್ಲೂರಿನ ಶಾಲೆಯ ಹಳೆಯ ಕಂಪ್ಯೂಟರಿಗೂ ಅದು ಸಾಕು. ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮೊದಲು, ಹೊಸ ಪ್ರತಿ ಹಾಕಿಕೊಡಲು ಒಬ್ಬರು ಬೇಕು.